ಕಾಫಿ ಬೆಳೆಯುವ ಊರಲ್ಲಿ ಕಾಫಿಪುಡಿಗೆ ದುಡ್ಡು: ಮಡಿಕೇರಿಯ ಒಂದು ಸಣ್ಣ ಅಂಗಡಿ

ಕೊಡಗಿನಲ್ಲಿದ್ದುಕೊಂಡು ಕಾಫಿಪುಡಿಯನ್ನು ದುಡ್ಡು ಕೊಟ್ಟು ತರುತ್ತೇವೆ ಅಂತ ಹೇಳಿಕೊಳ್ಳಲು ತುಂಬಾ ಜನರಿಗೆ ಮುಜುಗರ. ಅದರಲ್ಲೂ ಕೈ ಬಿಗಿ ಹಿಡಿದು ಸಂಸಾರ ನಡೆಸುವವರಿಗೆ ಇನ್ನೂ ಜಾಸ್ತಿ. ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡುತ್ತಾರೆ, ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದ್ದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಕಾಫಿ ಖರ್ಚು ಎಷ್ಟು ಅಂತ ಕೇಳಿದರೆ ಮಾತ್ರ ಮಾತು ಬದಲಾಯಿಸುತ್ತಾರೆ. ಮನೆ ಲೆಕ್ಕದ ಪುಸ್ತಕದಲ್ಲಿ ಅದು 'ಇತರೆ' ಅನ್ನುವ ಸಾಲಿನಲ್ಲಿ ಸೇರಿ ಹೋಗಿರುತ್ತದೆ. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆಯುವ ಜಿಲ್ಲೆಯಲ್ಲಿ ಪುಡಿಗೆ ತಿಂಗಳಿಗೆ ಏಳೆಂಟು ನೂರು ಕೊಡುತ್ತೇವೆ ಅಂದರೆ ನೆಂಟರು ಏನಂದುಕೊಳ್ಳುತ್ತಾರೋ ಅನ್ನುವ ಭಯ. ಅಂಥವರಿಗಾಗಿಯೇ ಈ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ನಾನೂ ಬಾಡಿಗೆ ಮನೆಯಲ್ಲಿ ಸಂಬಳ ನಂಬಿಕೊಂಡು ಇರುವವಳು, ಪುಡಿ ಕೊಂಡೇ ಕುಡಿಯುವವಳು.

ಅಂಗಡಿ ಇರುವುದು ಮಡಿಕೇರಿ ಮಾರುಕಟ್ಟೆ ಕಡೆ ಇಳಿಯುವ ದಾರಿಯಲ್ಲಿ. ಬೋರ್ಡಿನ ಮೇಲೆ 'ಕಾಫಿಪುಡಿ ಸಿಗುತ್ತದೆ' ಅಂತ ಬಿಟ್ಟರೆ ಬೇರೆ ಹೆಸರಿಲ್ಲ. ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು, ಅಷ್ಟು ಇಕ್ಕಟ್ಟು. ಗೋಡೆಗೆ ಒರಗಿಸಿದ ಮೂರು ಚೀಲಗಳಲ್ಲಿ ಕಾಫಿಯ ಎರಡು ಜಾತಿಗಳಾದ ರೊಬಸ್ಟಾ, ಅರೇಬಿಕಾ ಹುರಿದದ್ದು, ಮತ್ತೆ ಪೀಬಿ (ಹಣ್ಣಿನೊಳಗೆ ಎರಡರ ಬದಲು ಒಂದೇ ಆಗಿ ಬೆಳೆದ ದುಂಡು ಬೀಜ) ಇವೆ, ಪಕ್ಕದ ಡಬ್ಬದಲ್ಲಿ ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಒಂದು ಬೇರಿನ ಪುಡಿ. ಒಂದು ಹಳೆಯ ಗ್ರೈಂಡರ್, ಒಂದು ತಕ್ಕಡಿ. ಇಷ್ಟೇ ಅಂಗಡಿ.

ಇಲ್ಲಿ ನನಗೆ ಮೊದಲು ಹಿಡಿಸಿದ್ದು ಬೆಲೆ ಬರೆದಿರುವ ರೀತಿ. ಸ್ಲೇಟಿನ ಮೇಲೆ ಎರಡೇ ಸಾಲು: ಕಾಫಿ ಕೆ.ಜಿ.ಗೆ 760, ಚಿಕೋರಿ ಕೆ.ಜಿ.ಗೆ 200. ನಿಮಗೆ ಎಷ್ಟಕ್ಕೆ ಎಷ್ಟು ಬೇಕೋ ಹೇಳಿ, ಅಷ್ಟಕ್ಕೆ ಲೆಕ್ಕ. ನೂರಕ್ಕೆ ಇಪ್ಪತ್ತು ಚಿಕೋರಿ ಹಾಕಿಸಿದರೆ ಕೆ.ಜಿ.ಗೆ 648 ಆಗುತ್ತದೆ, ಕಾಲು ಕೆ.ಜಿ.ಗೆ 162. ಮೂವತ್ತು ಹಾಕಿಸಿದರೆ ಕಾಲು ಕೆ.ಜಿ.ಗೆ 148. ಚಿಕೋರಿ ಇಲ್ಲದ ಪುಡಿ ಕಾಲು ಕೆ.ಜಿ.ಗೆ 190. ಕಾಫಿಗೆ ಎಷ್ಟು ಕೊಡುತ್ತಿದ್ದೇನೆ, ಬೇರಿನ ಪುಡಿಗೆ ಎಷ್ಟು ಕೊಡುತ್ತಿದ್ದೇನೆ ಅಂತ ಕೊಳ್ಳುವವರಿಗೆ ಗೊತ್ತಾಗಬೇಕು ಅಲ್ವಾ? ಇಲ್ಲಿ ಗೊತ್ತಾಗುತ್ತದೆ.

ಈ ಸ್ಲೇಟು ನೋಡಿದ ಮೇಲೆ ಪ್ಯಾಕೆಟ್ ಪುಡಿಯನ್ನು ನೋಡುವ ಕಣ್ಣೇ ಬೇರೆ ಆಗುತ್ತದೆ. ಕಾಫಿ ಚಿಕೋರಿ ಮಿಶ್ರಣ ಅಂತ ಮಾರುವ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರುವ ಹಾಗಿಲ್ಲ, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು. ಇದು ಕಾನೂನು. ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ಓದಿ. 53ಕ್ಕೆ 47 ಅಂತ ಇರುವವು ಎಷ್ಟೋ ಸಿಗುತ್ತವೆ. ಈ ಅಂಗಡಿಯ ದರದಲ್ಲಿ ಆ ಮಿಶ್ರಣಕ್ಕೆ ಕೆ.ಜಿ.ಗೆ 497 ಆಗುತ್ತದೆ. ನಿಮ್ಮ ಪ್ಯಾಕೆಟ್ ಅದಕ್ಕಿಂತ ಜಾಸ್ತಿ ಇದ್ದರೆ, ಆ ಹೆಚ್ಚಿನ ದುಡ್ಡು ಲೋಟಕ್ಕೆ ಬಂದಿಲ್ಲ. ಚಿಕೋರಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡಿಕಾಕ್ಷನ್ ಗಟ್ಟಿಯಾಗಿ ಬರುತ್ತದೆ, ಬಣ್ಣ ಬರುತ್ತದೆ, ಹಾಲು ಹಾಕಿದರೂ ಕಾಫಿ ತೆಳು ಅನ್ನಿಸುವುದಿಲ್ಲ. ನಮ್ಮ ಮನೆಯಲ್ಲಿ ಇಪ್ಪತ್ತು ಇರಲೇಬೇಕು. ಆದರೆ ಚಿಕೋರಿಗೆ ಚಿಕೋರಿ ಬೆಲೆ ಕೊಡೋಣ.

ಸ್ಯಾಷೆ ಇನ್ನೂ ಮೋಸ. ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ ಎರಡು ರೂಪಾಯಿಯದು, ಐದು ರೂಪಾಯಿಯದು ತರುವುದು ಉಳಿತಾಯ ಅಂತ ಅನ್ನಿಸುತ್ತದೆ, ಯಾಕೆಂದರೆ ಒಂದು ಸಲಕ್ಕೆ ಹೋಗುವ ದುಡ್ಡು ಕಡಿಮೆ. ಅದರ ಮೇಲೆ ಬರೆದ ಗ್ರಾಂ ನೋಡಿ, ಬೆಲೆಯನ್ನು ಸಾವಿರದಿಂದ ಗುಣಿಸಿ, ಗ್ರಾಂನಿಂದ ಭಾಗಿಸಿ. ಕೆ.ಜಿ. ಬೆಲೆ ಬರುತ್ತದೆ. ಒಂದೇ ಸಲ ಈ ಲೆಕ್ಕ ಹಾಕಿದರೆ ಸಾಕು. ಇನ್‌ಸ್ಟಂಟ್ ಪುಡಿ ಒಂದು ಲೋಟಕ್ಕೆ ಕಡಿಮೆ ಸಾಕಾಗುತ್ತದೆ, ಅದು ನಿಜ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೂ ಲೆಕ್ಕ ಹಾಕಿ. ಈ ಅಂಗಡಿಯಲ್ಲಿ ನೂರು ಗ್ರಾಂ ಕೇಳಿದರೂ ಕೊಡುತ್ತಾರೆ, ಅದೂ ಅದೇ ದರಕ್ಕೆ. ಕಡಿಮೆ ಕೊಳ್ಳುವವರಿಗೆ ಬೆಲೆ ಏರಿಸುವ ಬುದ್ಧಿ ಇಲ್ಲ. ತೋಟದ ಲೈನಿನಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಬಂದ ಹೆಂಗಸರು ನೂರು ಗ್ರಾಂ ಕೇಳಿದಾಗಲೂ, ಕಾರಿನಲ್ಲಿ ಬಂದವರು ಎರಡು ಕೆ.ಜಿ. ಕೇಳಿದಾಗಲೂ ಮಾಲೀಕರ ಮುಖದಲ್ಲಿ ವ್ಯತ್ಯಾಸ ನಾನು ಕಂಡಿಲ್ಲ. ಚೂರು ಚೂರು ಕೊಳ್ಳುವವರಿಗೆ ಅಂಗಡಿಗಳಲ್ಲಿ ಎಷ್ಟು ಸಂಕೋಚ ಆಗುತ್ತದೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಮಾಲೀಕರು ಕೇಳುವ ಮೊದಲ ಮಾತು, "ಫಿಲ್ಟರಿಗಾ ಅಕ್ಕಾ, ಕುದಿಸೋಕಾ?" ಕೊಡಗಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ನೀರು ಕುದಿಸಿ, ಪುಡಿ ಹಾಕಿ, ಮುಚ್ಚಿಟ್ಟು, ಬಟ್ಟೆಯಲ್ಲಿ ಸೋಸುವುದೇ ರೂಢಿ. ಬೆಲ್ಲದ ಕಾಫಿಗೂ ಅದೇ. ಅದಕ್ಕೆ ಒಂದು ಹದದ ಪುಡಿ, ಫಿಲ್ಟರಿಗೆ ಇನ್ನೊಂದು. ತೀರಾ ನುಣ್ಣಗಾದರೆ ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದಿಲ್ಲ, ತೀರಾ ತರಿಯಾದರೆ ನೀರು ಸರ್ರನೆ ಇಳಿದು ಸಪ್ಪೆಯಾಗುತ್ತದೆ, ಆಮೇಲೆ ನಾವು ಇನ್ನೊಂದು ಚಮಚ ಜಾಸ್ತಿ ಹಾಕುತ್ತೇವೆ, ಪುಡಿ ಬೇಗ ಮುಗಿಯುತ್ತದೆ. ಉತ್ತರ ಕೇಳಿಕೊಂಡು ಬೀಜ ತೂಗುತ್ತಾರೆ. ಗ್ರೈಂಡರಿಗೆ ಒಂದು ಹಿಡಿ ಬೀಜ ಹಾಕಿ ಓಡಿಸಿ, ಆ ಪುಡಿಯನ್ನು ಬದಿಯ ಡಬ್ಬಕ್ಕೆ ಸುರಿಯುತ್ತಾರೆ. ಹಿಂದಿನವರ ಚಿಕೋರಿ ಪುಡಿ ನಿಮ್ಮದಕ್ಕೆ ಸೇರಬಾರದು ಅಂತ. ಆ ಹಿಡಿ ಬೀಜ ನಿಮ್ಮ ತೂಕದ್ದಲ್ಲ. ಆಮೇಲೆ ನಿಮ್ಮದು. ಬಿಸಿ ಪುಡಿಯನ್ನು ಕೂಡಲೇ ಕಟ್ಟಿ ಕೊಡುವುದಿಲ್ಲ, ತಟ್ಟೆಯಲ್ಲಿ ಹರಡಿ ಆರಲು ಬಿಡುತ್ತಾರೆ, ಚಿಕೋರಿಯನ್ನು ಆಗಲೇ ಕೈಯಿಂದ ಬೆರೆಸುತ್ತಾರೆ. ಕಾಗದದ ಪೊಟ್ಟಣಕ್ಕೆ ತುಂಬಿ, ಮತ್ತೊಮ್ಮೆ ತೂಗಿ, ಪೆನ್ಸಿಲಿನಲ್ಲಿ ತಾರೀಖು ಬರೆದು, ನೂಲು ಸುತ್ತಿ ಕೊಡುತ್ತಾರೆ. ಆ ತಾರೀಖು ತುಂಬಾ ಉಪಯೋಗಕ್ಕೆ ಬರುತ್ತದೆ. ಪುಡಿ ಎಷ್ಟು ದಿನ ಬಂತು ಅಂತ ಲೆಕ್ಕ ಹಾಕಲು ಬೇರೆ ಪುಸ್ತಕವೇ ಬೇಡ.

ಒಮ್ಮೆ ನನ್ನ ಮುಂದೆ ಒಬ್ಬರು ಮಳೆಗಾಲಕ್ಕೆ ಅಂತ ಎರಡು ಕೆ.ಜಿ. ಕೇಳಿದರು. ಮಾಲೀಕರು ಅರ್ಧ ಕೆ.ಜಿ. ಸಾಕು ಅಂದರು. "ನಮ್ಮ ಮಳೆಗೆ ಪುಡಿ ತಂಪು ಹಿಡಿಯುತ್ತೆ, ವಾಸನೆ ಹೋಗುತ್ತೆ. ಮುಗಿದ ಮೇಲೆ ಬನ್ನಿ, ನಾನೆಲ್ಲೂ ಹೋಗಲ್ಲ." ಜೂನ್‌ನಿಂದ ಸೆಪ್ಟೆಂಬರ್ ತನಕ ಮಡಿಕೇರಿಯಲ್ಲಿ ಉಪ್ಪೇ ನೀರಾಗುತ್ತದೆ, ಕಾಫಿಪುಡಿ ಕೇಳಬೇಕಾ? ಒಟ್ಟಿಗೆ ಕೊಂಡರೆ ಅಗ್ಗ ಅಂತ ಜಾಸ್ತಿ ತಂದು, ಅರ್ಧ ಹಾಳು ಮಾಡುವುದು ಉಳಿತಾಯ ಮಾಡುವವರ ಮನೆಗಳಲ್ಲೇ ಹೆಚ್ಚು. ಬರುವ ವ್ಯಾಪಾರವನ್ನು ತಾನಾಗಿಯೇ ಕಡಿಮೆ ಮಾಡಿಕೊಳ್ಳುವ ಅಂಗಡಿಯವರನ್ನು ನಾನು ಬೇರೆ ಕಡೆ ನೋಡಿಲ್ಲ.

ಇನ್ನು ತೋಟ ಇರುವವರ ವಿಷಯ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ), ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಎಲ್ಲ ಚೀಲ ಕಟ್ಟಿ ಮಾರಿ, ಮನೆಗೆ ಮಾತ್ರ ಒಡಕು ಬೀಜ, ಕಪ್ಪು ಬೀಜ ಇಟ್ಟುಕೊಳ್ಳುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಇದಕ್ಕೆ ಹಳೆಯ ಕಾರಣವೂ ಇರಬಹುದು. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಮನೆ ಬಳಕೆಗೆ, ಬಿತ್ತನೆಗೆ ಅಂತ ಸ್ವಲ್ಪ ಬಿಟ್ಟು ಉಳಿದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. 1996ರ ಹೊತ್ತಿಗೆ ಅದೆಲ್ಲ ಹೋಗಿ, ಬೆಳೆದವರೇ ಯಾರಿಗೆ ಬೇಕಾದರೂ ಮಾರಬಹುದು ಅಂತಾಯಿತು. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಜಾಗದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಕೂಡ ಬಂತು. ಆದರೂ ಒಳ್ಳೆಯದು ಮಾರಾಟಕ್ಕೆ, ಉಳಿದದ್ದು ನಮಗೆ ಅನ್ನುವ ಮನಸ್ಸು ಹೋಗಿಲ್ಲ. ನಮ್ಮ ದೊಡ್ಡಮ್ಮ ಒಳ್ಳೆಯ ಪುಡಿ ಕೊಂಡರೆ ಅದು ಶೋಕಿ ಅಂತಲೇ ಅಂದುಕೊಂಡಿದ್ದರು. ಈ ಅಂಗಡಿಯಿಂದ ತಂದ ಪೊಟ್ಟಣವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು, ಬಂದವರಿಗೆಲ್ಲ ಮನೆ ಕಾಫಿ ಅಂತ ಹೇಳುತ್ತಿದ್ದರು. ಕೊಯ್ಲಿನ ಕಾಲವೆಲ್ಲ ಕಣದಲ್ಲಿ ಬಿಸಿಲಿಗೆ ನಿಂತು ಕಾಫಿ ಹರಡಿದ ಹೆಂಗಸು ಒಂದು ಒಳ್ಳೆಯ ಲೋಟ ಕಾಫಿಗೆ ನಾಚಿಕೊಳ್ಳಬೇಕಾ? ನನಗೆ ಈಗಲೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ತೋಟದವರು ಬೀಜ ತಂದುಕೊಟ್ಟರೆ ಇಲ್ಲಿ ಹುರಿದು ಪುಡಿ ಮಾಡಿಕೊಡುತ್ತಾರೆ, ಕೆ.ಜಿ.ಗೆ 50 ರೂಪಾಯಿ. ಸಿಪ್ಪೆ ತೆಗೆದ ಬೀಜವೇ ಆಗಬೇಕು. ಹುರಿದ ಮೇಲೆ ನಿಮ್ಮೆದುರೇ ತೂಗುತ್ತಾರೆ. ಒಂದು ಕೆ.ಜಿ. ಹಸಿ ಬೀಜ ಹುರಿದರೆ 800ರಿಂದ 850 ಗ್ರಾಂ ಉಳಿಯುತ್ತದೆ, ನೀರಿನಂಶ ಹೋಗುತ್ತದಲ್ಲ. ಇದು ಗೊತ್ತಿಲ್ಲದೆ ಪುಡಿ ಕದ್ದರು ಅಂತ ಜಗಳ ಆಡುವವರಿದ್ದಾರೆ. ಮತ್ತೆ, ಮನೆ ಕಾಫಿ ಅಂದರೆ ಬಿಟ್ಟಿ ಅಂತ ಕಂಡ ಕಂಡ ಹಾಗೆ ಬಳಸಬೇಡಿ. ಮಾರಿದ್ದರೆ ಬರುತ್ತಿದ್ದ ದುಡ್ಡೇ ಅದರ ಬೆಲೆ.

ರುಚಿ. ಇಲ್ಲಿನ ಮಾಮೂಲಿ ಪುಡಿ ರೊಬಸ್ಟಾ ಜಾಸ್ತಿ, ಅರೇಬಿಕಾ ಕಡಿಮೆ. ರೊಬಸ್ಟಾದಿಂದ ಗಟ್ಟಿತನ, ಕಹಿ. ಅರೇಬಿಕಾದಿಂದ ಘಮ. ಹಾಲು ಹಾಕಿದ ಕಾಫಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ಎರಡನೇ ಡಿಕಾಕ್ಷನ್ ಕೂಡ ಕುಡಿಯುವ ಹಾಗೆ ಬರುತ್ತದೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು, ಹಾಗಾಗಿ ರಾತ್ರಿ ಊಟದ ಮೇಲೆ ಕುಡಿಯುವವರು ಸ್ವಲ್ಪ ನೋಡಿಕೊಳ್ಳಿ. ಬೆಲ್ಲದ ಕಾಫಿಗೆ ಚಿಕೋರಿ ಬೇಡವೇ ಬೇಡ, ಬೆಲ್ಲದ ಜೊತೆ ಅದರ ರುಚಿ ಮೊಂಡಾಗುತ್ತದೆ. ಬರೀ ಅರೇಬಿಕಾ ತೆಗೆದುಕೊಂಡರೆ ನನಗೆ ಅಷ್ಟು ಹಿಡಿಸಲಿಲ್ಲ, ಹುರಿತ ಕಪ್ಪಾಯಿತು, ಘಮ ಇರಬೇಕಾದಲ್ಲಿ ಸುಟ್ಟ ವಾಸನೆ. ಪೀಬಿಗೆ ಸ್ಲೇಟಿನ ದರಕ್ಕಿಂತ ಜಾಸ್ತಿ ಬೆಲೆ ಹಾಕಿದ್ದಾರೆ. ಕುಡಿದು ನೋಡಿದರೆ ಆ ವ್ಯತ್ಯಾಸಕ್ಕೆ ಅಷ್ಟು ಕೊಡಬೇಕು ಅಂತ ಅನ್ನಿಸಲಿಲ್ಲ.

ಖರ್ಚು ನೋಡೋಣ. ನೂರಕ್ಕೆ ಇಪ್ಪತ್ತು ಚಿಕೋರಿಯ ಪುಡಿ, ಲೋಟಕ್ಕೆ 10 ಗ್ರಾಂ ಅಂತ ಹಿಡಿದರೆ ಪುಡಿಗೆ ಆರೂವರೆ ರೂಪಾಯಿ. ಇಬ್ಬರ ಮನೆ, ದಿನಕ್ಕೆ ಎರಡೆರಡು ಲೋಟ ಅಂದರೆ ತಿಂಗಳಿಗೆ 1200 ಗ್ರಾಂ, 778 ರೂಪಾಯಿ. ಓದಿದ ಕೂಡಲೇ ಜಾಸ್ತಿ ಅನ್ನಿಸುತ್ತದೆ. ಅದೇ ಇಬ್ಬರು ಕೆಲಸದ ದಿನ ಹೊರಗೆ ಒಂದೊಂದೇ ಕಾಫಿ ಕುಡಿದರೂ, ಲೋಟಕ್ಕೆ 20 ಅಂತ ಇಟ್ಟುಕೊಂಡರೂ, 25 ದಿನಕ್ಕೆ ಸಾವಿರ ಆಯಿತು. ಅದನ್ನು ಯಾರೂ ಬರೆದಿಡುವುದಿಲ್ಲ, ಜೇಬಿನ ಚಿಲ್ಲರೆಯಲ್ಲಿ, ಫೋನ್ ಸ್ಕ್ಯಾನಿನಲ್ಲಿ ಹೋಗಿರುತ್ತದೆ. ಆನ್‌ಲೈನಿನಲ್ಲಿ ಕಾಫಿ ಸೋಸುವ ಗಾಜಿನ ಪ್ರೆಸ್ಸು, ಹಾಲಿಗೆ ನೊರೆ ಬರಿಸುವ ಬ್ಯಾಟರಿ ಕಡಗೋಲು ತರಿಸಿ, ಪಾರ್ಸೆಲ್ ಅನ್ನು ಆಫೀಸಿನ ವಿಳಾಸಕ್ಕೆ ಹಾಕಿಸಿಕೊಂಡು, ಬೆಲೆ ಕೇಳಿದರೆ ಅರ್ಧ ಹೇಳುವವರನ್ನು ನಾನು ಬಲ್ಲೆ. ಒಳ್ಳೆಯವರೇ, ಉಳಿಸಬೇಕು ಅಂತ ನಿಜವಾಗಿಯೂ ಆಸೆ ಇರುವವರೇ. ಅವರಿಗೆ ಪುಡಿಯ 778 ಕಣ್ಣಿಗೆ ಚುಚ್ಚುತ್ತದೆ, ಮುಚ್ಚಿಟ್ಟದ್ದು ಕಾಣುವುದಿಲ್ಲ. ಪುಡಿಯನ್ನು ಅದರ ಹೆಸರಲ್ಲೇ ಒಂದು ಸಾಲಿನಲ್ಲಿ ಬರೆಯಿರಿ. ಅಕ್ಕಿ, ಎಣ್ಣೆ, ಹಾಲು ಬರೆಯುವುದಿಲ್ವಾ, ಹಾಗೆ. ಸ್ಟೀಲ್ ಫಿಲ್ಟರ್ ಒಂದು ಇದ್ದರೆ ಬೇರೆ ಯಂತ್ರ ಏನೂ ಬೇಡ. ಬಟ್ಟೆಯಲ್ಲಿ ಸೋಸುವವರಿಗೆ ಅದೂ ಬೇಡ.

ದೂರುಗಳೂ ಇವೆ. ಕರೆಂಟ್ ಹೋದರೆ ಗ್ರೈಂಡರ್ ನಿಂತಿತು, ಮಳೆಗಾಲದಲ್ಲಿ ಇದು ದೊಡ್ಡ ತೊಂದರೆ, ಫೋನ್ ಮಾಡಿ ಹೋಗುವ ಅನುಕೂಲವೂ ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಯಾವಾಗ ತೆಗೆಯುತ್ತಾರೆ ಅಂತ ಬರೆದಿಲ್ಲ. ಗಾಡಿ ನಿಲ್ಲಿಸಲು ಜಾಗವಂತೂ ಇಲ್ಲವೇ ಇಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಪ್ರವಾಸಿಗರಿಗೆ ಅಂತ ಇಟ್ಟಿರುವ ಸೆಣಬಿನ ಚೀಲದ ಗಿಫ್ಟ್ ಪ್ಯಾಕ್. ಒಳಗಿರುವುದು ಅದೇ ಪುಡಿ, ಕಾಲು ಕೆ.ಜಿ.ಗೆ 60 ರೂಪಾಯಿ ಜಾಸ್ತಿ. ತಾರೀಖು ಪೆನ್ಸಿಲಿನಲ್ಲಿ ಬರೆಯುವ ಅಂಗಡಿಯಲ್ಲಿ ಆ ಚೀಲಕ್ಕೆ ಮಾತ್ರ ಪುಡಿ ಮಾಡಿದ ತಾರೀಖು ಇಲ್ಲ. ಕೇಳಿದೆ. "ಅವರು ಪುಡಿ ನೋಡಲ್ಲ ಅಕ್ಕಾ, ಚೀಲ ನೋಡ್ತಾರೆ" ಅಂದರು. ಅದು ಸರಿಯಾದ ಉತ್ತರ ಅಲ್ಲ. ಬೆಂಗಳೂರಿನ ನೆಂಟರಿಗೆ ಕೊಡಬೇಕು ಅಂತ ನಮ್ಮವರೂ ಅದನ್ನೇ ಒಯ್ಯುತ್ತಾರೆ, ಕಾಗದದ ಪೊಟ್ಟಣ ಕೊಟ್ಟರೆ ಏನಂದುಕೊಳ್ಳುತ್ತಾರೋ ಅಂತ. ಕಾಗದದ್ದನ್ನೇ ಕೊಡಿ, ಪುಡಿ ಹೊಸದಿರುತ್ತದೆ.

ಹೋಗುವವರು ಶುಕ್ರವಾರ ಬಿಟ್ಟು ಹೋಗಿ, ಸಂತೆ ದಿನ ಕಾಯಬೇಕಾಗುತ್ತದೆ. ಗಾಳಿ ಆಡದ ಸ್ಟೀಲ್ ಡಬ್ಬ ಮನೆಯಿಂದಲೇ ಒಯ್ಯಿರಿ, ಡಬ್ಬದ ತೂಕ ಕಳೆದು ಹಾಕಿಕೊಡುತ್ತಾರೆ. ಮೊದಲ ಸಲಕ್ಕೆ ಎಂಬತ್ತು ಇಪ್ಪತ್ತರದ್ದು ನೂರು ಗ್ರಾಂ ಸಾಕು. ಫಿಲ್ಟರಿಗೋ ಕುದಿಸೋಕೋ ಅಂತ ಮೊದಲೇ ಹೇಳಿ.