ರೆನಾಲ್ಡ್ಸ್ ನಂಬರ್ ನೋಡದೆ ಪುಸ್ತಕ ತಗೊಂಡು ಕೆಟ್ಟೆ

ಏರೋಡೈನಾಮಿಕ್ಸ್ ಕಲಿಯೋಕೆ ಯಾವ ಪುಸ್ತಕ ಅಂತ ಕೇಳಿದರೆ ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಅಬಾಟ್ ಮತ್ತು ವಾನ್ ಡೋನ್‌ಹಾಫ್ 1949ರಲ್ಲಿ ತಂದ 'ಥಿಯರಿ ಆಫ್ ವಿಂಗ್ ಸೆಕ್ಷನ್ಸ್' ಅದರಲ್ಲಿ ಇದ್ದೇ ಇರುತ್ತದೆ. ನಾನು ಅದನ್ನೇ ಮೊದಲು ತಗೊಂಡೆ. ಪುಸ್ತಕದ ತಪ್ಪೇನಿಲ್ಲ, ತಪ್ಪೆಲ್ಲ ನನ್ನದೇ.

ನಾನು ಕಟ್ಟುತ್ತಿದ್ದದ್ದು ಸಣ್ಣ ಗ್ಲೈಡರ್. ರೆಕ್ಕೆಯ ಕಾರ್ಡ್ (ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲ) 15 ಸೆಂ.ಮೀ., ವೇಗ ಸೆಕೆಂಡಿಗೆ 10 ಮೀಟರ್. ರೆಕ್ಕೆಯ ಅಡ್ಡಕೊಯ್ತದ ಆಕಾರಕ್ಕೆ ನಾಕಾ 2412 ಅನ್ನೋದನ್ನು ಆರಿಸಿದೆ. ಪುಸ್ತಕದಲ್ಲಿದ್ದ ಅದರ ಗ್ರಾಫ್ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲ್ ಗೆರೆ ಎಳೆದೆ. ಗರಿಷ್ಠ ಲಿಫ್ಟ್ ಕೋಎಫಿಶಿಯೆಂಟ್ (ರೆಕ್ಕೆ ಹೆಚ್ಚೆಂದರೆ ಎಷ್ಟು ಎತ್ತಬಲ್ಲದು ಅನ್ನೋ ಅಂಕಿ) 1.6ರ ಆಸುಪಾಸು ಸಿಕ್ಕಿತು. ಅದರಿಂದಲೇ ಸ್ಟಾಲ್ ವೇಗದ, ಅಂದರೆ ಅದಕ್ಕಿಂತ ನಿಧಾನವಾದರೆ ರೆಕ್ಕೆ ಎತ್ತೋದನ್ನು ಬಿಟ್ಟುಬಿಡುವ ವೇಗದ, ಲೆಕ್ಕ ಹಾಕಿದೆ. ಇಳಿಸುವಾಗ ಮೂಗು ಎತ್ತಿದ್ದೇ ತಡ, ಎಡ ರೆಕ್ಕೆ ಧಡಕ್ಕನೆ ಬಿತ್ತು. ಸ್ಪಾರ್ (ರೆಕ್ಕೆಯೊಳಗಿನ ಮುಖ್ಯ ತೊಲೆ) ಬುಡದಲ್ಲೇ ಮುರಿದಿತ್ತು. ಎರಡು ತಿಂಗಳ ಕೆಲಸ!

ಆಮೇಲೆ ಗ್ರಾಫನ್ನು ಸರಿಯಾಗಿ ನೋಡಿದೆ. ಮೂಲೆಯಲ್ಲಿ ಸಣ್ಣಗೆ ರೆನಾಲ್ಡ್ಸ್ ನಂಬರ್ (ವೇಗ ಮತ್ತು ರೆಕ್ಕೆಯ ಅಳತೆಯನ್ನು ಗಾಳಿಯ ಜಿಗುಟಿಗೆ ಹೋಲಿಸುವ ಅಂಕಿ) ಇತ್ತು: ಸುಮಾರು 30 ಲಕ್ಷ, 60 ಲಕ್ಷ, 90 ಲಕ್ಷ. ನನ್ನ ಗ್ಲೈಡರ್‌ನದು ಎಷ್ಟು? ವೇಗ 10ನ್ನು ಕಾರ್ಡ್ 0.15ರಿಂದ ಗುಣಿಸಿ ಗಾಳಿಯ ಜಿಗುಟಿನ ಅಂಕಿ 0.000015ರಿಂದ ಭಾಗಿಸಿ. ಬರೀ 1 ಲಕ್ಷ. ಅಷ್ಟು ಕಡಿಮೆ ಇದ್ದಾಗ ರೆಕ್ಕೆಗೆ ಅಂಟಿಕೊಂಡು ಹರಿಯುವ ಗಾಳಿಯ ಪದರ ಲ್ಯಾಮಿನಾರ್ (ಸುಳಿಯಿಲ್ಲದೆ ನಯವಾಗಿ ಹರಿಯುವಂಥದ್ದು) ಆಗಿಯೇ ಉಳಿದು ಬೇಗ ಕಳಚಿಕೊಳ್ಳುತ್ತದೆ. ಸ್ಟಾಲ್ ಮೊದಲೇ ಬರುತ್ತದೆ, ಡ್ರ್ಯಾಗ್ (ಗಾಳಿಯ ಎಳೆತ) ಜಾಸ್ತಿ ಆಗುತ್ತದೆ.

ಇನ್ನೊಂದು ಎಡವಟ್ಟೂ ಇತ್ತು. ಆ ಗ್ರಾಫ್ ಕೊನೆಯೇ ಇಲ್ಲದ ರೆಕ್ಕೆಯದ್ದು. ನನ್ನದು ಆಸ್ಪೆಕ್ಟ್ ರೇಶಿಯೋ (ರೆಕ್ಕೆಯ ಉದ್ದ ಅಗಲಗಳ ಅನುಪಾತ) 6ರ ರೆಕ್ಕೆ. ಗಾಳಿಗೆ ರೆಕ್ಕೆಯ ಕೋನ ಒಂದು ಡಿಗ್ರಿ ಹೆಚ್ಚಿದಾಗ ಅಲ್ಲಿ ಲಿಫ್ಟ್ ಕೋಎಫಿಶಿಯೆಂಟ್ 0.11 ಏರಿದರೆ ನನ್ನಲ್ಲಿ ಸುಮಾರು 0.08 ಮಾತ್ರ.

ಇಷ್ಟಾದರೂ ಬುದ್ಧಿ ಬರಲಿಲ್ಲ. ನನ್ನದು ನಿಧಾನದ ಗ್ಲೈಡರ್ ಅಲ್ವಾ ಅಂತ ಕಾಟ್ಜ್ ಮತ್ತು ಪ್ಲಾಟ್ಕಿನ್ ಅವರ 'ಲೋ ಸ್ಪೀಡ್ ಏರೋಡೈನಾಮಿಕ್ಸ್' ತರಿಸಿದೆ. ಅಲ್ಲಿ ಕಡಿಮೆ ವೇಗ ಅಂದರೆ ಗಾಳಿಯ ಸಾಂದ್ರತೆ ಬದಲಾಗದಷ್ಟು ವೇಗ, ಕಡಿಮೆ ರೆನಾಲ್ಡ್ಸ್ ನಂಬರ್ ಅಲ್ಲ. ಪುಸ್ತಕದ ಬಹುಪಾಲು ಪೊಟೆನ್ಶಿಯಲ್ ಫ್ಲೋ (ಜಿಗುಟನ್ನು ಲೆಕ್ಕಕ್ಕೆ ತಗೊಳ್ಳದ ಹರಿವಿನ ಗಣಿತ), ಪ್ಯಾನೆಲ್ ಮೆಥಡ್ (ಮೇಲ್ಮೈಯನ್ನು ತುಂಡು ತುಂಡಾಗಿ ಮಾಡಿ ಆ ಹರಿವನ್ನು ಲೆಕ್ಕ ಹಾಕುವ ವಿಧಾನ). ಪ್ರೋಗ್ರಾಂ ಬರೆಯೋರಿಗೆ ಚಿನ್ನ. ನನಗೆ ಮೂರನೇ ಪುಟದಲ್ಲೇ ತಲೆ ಕೆಟ್ಟಿತು.

ಈಗ ಯಾರಾದರೂ ಕೇಳಿದರೆ ಆಂಡರ್ಸನ್ ಅವರ 'ಫಂಡಮೆಂಟಲ್ಸ್ ಆಫ್ ಏರೋಡೈನಾಮಿಕ್ಸ್'ನಿಂದಲೇ ಶುರು ಮಾಡಿ ಅನ್ನುತ್ತೇನೆ. 4ನೇ ಅಧ್ಯಾಯ ರೆಕ್ಕೆಯ ಅಡ್ಡಕೊಯ್ತ ಅಂದರೆ ಏರ್‌ಫಾಯಿಲ್, 5ನೇದು ಪೂರ್ತಿ ರೆಕ್ಕೆ. ಆ ಎರಡನ್ನೂ ಓದಿ, ಲೆಕ್ಕಗಳನ್ನು ಕೈಯಲ್ಲೇ ಮಾಡಿ. ಸುಮ್ನೆ ಕಣ್ಣಾಡಿಸಿದರೆ ಏನೂ ಉಳಿಯಲ್ಲ. ಹಳೆಯ ಅಮೆರಿಕನ್ ಪುಸ್ತಕಗಳಲ್ಲಿ ಯೂನಿಟ್ ಮೇಲೂ ಕಣ್ಣಿರಲಿ. ಗಾಳಿಯ ಸಾಂದ್ರತೆ (ಘನ ಮೀಟರಿಗೆ ಇಷ್ಟು ಕೆ.ಜಿ. ಅಂತ) 1.225 ಬದಲು 0.002377 ಅಂತ ಕಂಡರೆ ಅದು ಸ್ಲಗ್ (ಆ ಪದ್ಧತಿಯಲ್ಲಿ ದ್ರವ್ಯರಾಶಿಯ ಯೂನಿಟ್) ಮತ್ತು ಅಡಿಗಳ ಲೆಕ್ಕ.

ಸಣ್ಣ ಮಾಡೆಲ್‌ಗಳಿಗೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸೆಲಿಗ್ ತಂಡ ಕಡಿಮೆ ರೆನಾಲ್ಡ್ಸ್ ನಂಬರ್‌ನಲ್ಲಿ ಅಳೆದ ಅಂಕಿಗಳಿವೆ, ಅವನ್ನು ನೋಡಿ. ಇಂಥ ಅಂಕಿಗಳನ್ನು ಲೆಕ್ಕ ಹಾಕಲು ಡ್ರೆಲಾ ಬರೆದ ಎಕ್ಸ್‌ಫಾಯಿಲ್ ಪ್ರೋಗ್ರಾಂ ಕೂಡ ಪುಕ್ಕಟೆ ಸಿಗುತ್ತದೆ. ಆದರೆ ಸ್ಟಾಲ್ ಹತ್ತಿರ ಅದು ಕೊಡುವ ಲಿಫ್ಟ್ ಸ್ವಲ್ಪ ಜಾಸ್ತಿಯೇ ಇರುತ್ತದೆ. ನನ್ನ ಎರಡನೇ ಗ್ಲೈಡರ್‌ಗೆ ಅದರಲ್ಲೂ ಒಂದಿಷ್ಟು ಕಡಿತ ಹಾಕಿಯೇ ಇಳಿಸುವ ವೇಗ ಇಟ್ಟುಕೊಂಡಿದ್ದೇನೆ.