ಎರಡು ಅಡಿ ಅಕ್ವೇರಿಯಂ 'ಫುಲ್ ಸೆಟ್': ಕೋಲಾರದ ಬೋರ್‌ವೆಲ್ ನೀರಿಗೆ ಆಗುತ್ತಾ?

ಕೋಲಾರ, ಬಂಗಾರಪೇಟೆ ಕಡೆ ಮೊದಲ ಸಲ ಮೀನು ಸಾಕುವವರಿಗೆ ಅಂಗಡಿಯವರು 'ಫುಲ್ ಸೆಟ್' ಅಂತ ಕೊಡುವುದು ಹೆಚ್ಚುಕಡಿಮೆ ಇದನ್ನೇ: 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಗಾಜಿನ ತೊಟ್ಟಿ, ಲೈಟ್ ಇರುವ ಮುಚ್ಚಳ, ಏರ್ ಪಂಪ್, ಸಣ್ಣ ಫಿಲ್ಟರ್, ಒಂದೆರಡು ಕೆಜಿ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಒಂದು ನೀಲಿ ಔಷಧಿ ಬಾಟಲಿ. ತೊಟ್ಟಿ ಚೆನ್ನಾಗಿದೆ, ತಗೊಳ್ಳಬಹುದು. ಉಳಿದದ್ದರಲ್ಲಿ ಅರ್ಧ ಬದಲಾಯಿಸಿಕೊಳ್ಳಬೇಕು.

ತೊಟ್ಟಿಯ ಗಾಜು 5 ಮಿ.ಮೀ. ಇದ್ದರೆ ಈ ಎತ್ತರಕ್ಕೆ ಸಾಕು. ಅಂಚಿನವರೆಗೆ 54 ಲೀಟರ್ ಹಿಡಿಯುತ್ತೆ, ತುಂಬಿಸುವುದು 45ರ ಆಸುಪಾಸು. ನೀರು, ಕಲ್ಲು, ಗಾಜು ಸೇರಿ 55 ಕೆಜಿ ದಾಟುವುದರಿಂದ ಟಿವಿ ಸ್ಟ್ಯಾಂಡ್ ಮೇಲೆ ಬೇಡ. ಮಟ್ಟ ನೋಡಿ, ಅಡಿಯಲ್ಲಿ ಥರ್ಮಾಕೋಲ್ ಶೀಟ್ ಹಾಕಿ. ಅದಕ್ಕೂ ಮೊದಲು ತೊಟ್ಟಿಯನ್ನು ಹೊರಗೆ ಒಣ ಪೇಪರ್ ಮೇಲಿಟ್ಟು ನೀರು ತುಂಬಿಸಿ ಒಂದು ದಿನ ಬಿಡಿ. ಸಿಲಿಕೋನ್ ಅಂಟಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಪೇಪರ್ ಮೂಲೆಯಲ್ಲಿ ಕಲೆ ಮೂಡುತ್ತೆ. ದುಂಡು ಬೌಲ್ ಕಡಿಮೆಗೆ ಸಿಗುತ್ತೆ ನಿಜ. ನಾಲ್ಕೈದು ಲೀಟರ್ ನೀರಲ್ಲಿ ಗೋಲ್ಡ್‌ಫಿಶ್ ಹಾಕಿದರೆ ಅದು ತನ್ನ ಗಲೀಜಿನಲ್ಲೇ ಸಾಯುತ್ತೆ.

ಸೆಟ್‌ನಲ್ಲಿ ಕಾಣದ ಮುಖ್ಯ ವಸ್ತು ಚೆಕ್ ವಾಲ್ವ್, ಅಂದರೆ ಗಾಳಿ ಪೈಪಿನಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ಸಣ್ಣ ವಾಲ್ವ್. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟ್ ಹೋದರೆ, ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೇ ಇಳಿಯುತ್ತೆ, ಅಲ್ಲಿಂದ ಪ್ಲಗ್ ಬೋರ್ಡಿಗೆ. ವಾಲ್ವ್ ತೀರಾ ಅಗ್ಗ. ಇಲ್ಲದಿದ್ದರೆ ಪಂಪನ್ನು ತೊಟ್ಟಿಗಿಂತ ಮೇಲೆ ನೇತುಹಾಕಿ. ಸಣ್ಣ ಫಿಲ್ಟರ್ ಬದಲು ಸ್ಪಾಂಜ್ ಫಿಲ್ಟರ್ ಕೇಳಿ. ಸ್ಪಾಂಜಿನಲ್ಲಿ ಮೀನಿನ ಗಲೀಜಿನ ವಿಷ ಕಡಿಮೆ ಮಾಡುವ ಬ್ಯಾಕ್ಟೀರಿಯಾಗೆ ಜಾಗ ಜಾಸ್ತಿ, ಮರಿಗಳನ್ನು ಎಳೆದುಕೊಳ್ಳುವುದಿಲ್ಲ. ಗಂಟೆಗಟ್ಟಲೆ ಕರೆಂಟ್ ಹೋಗುವ ಹಳ್ಳಿಯಾದರೆ ಬ್ಯಾಟರಿ ಪಂಪ್ ಬೇಕೇ ಬೇಕು. ಗಾಳಿ ನಿಂತರೆ ಮೀನಿಗೂ ಕಷ್ಟ, ಆ ಬ್ಯಾಕ್ಟೀರಿಯಾಗೂ ಕಷ್ಟ.

ಈಗ ನೀರಿನ ವಿಷಯ. ನಮ್ಮ ಕಡೆ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಪಿಎಚ್ ಕೂಡ 7ರ ಮೇಲೆ. ಇದು ದೋಷವಲ್ಲ. ಗಪ್ಪಿ, ಮೋಲಿ, ಪ್ಲಾಟಿ, ಸೋರ್ಡ್‌ಟೇಲ್‌ಗೆ ಇಂಥದ್ದೇ ಬೇಕು. ನಿಯಾನ್ ಟೆಟ್ರಾ, ಡಿಸ್ಕಸ್ ಮೃದು ನೀರಿನವು, ಅಂಗಡಿಯಲ್ಲಿ ಎಷ್ಟೇ ಮಿಂಚಿದರೂ ತರಬೇಡಿ. ಕಾಯಿನ್ ಹಾಕಿ ತರುವ ಆರ್‌ಒ ನೀರನ್ನೇ ಪೂರ್ತಿ ತುಂಬಿಸುವವರೂ ಇದ್ದಾರೆ. ಅದರಲ್ಲಿ ಲವಣ ಇಲ್ಲದಂತೆಯೇ. ಹಾಗಾಗಿ ಪಿಎಚ್ ಸಡನ್ನಾಗಿ ಕುಸಿಯುತ್ತೆ, ಗಪ್ಪಿಗಳು ರೆಕ್ಕೆ ಮಡಚಿ ನಡುಗುತ್ತವೆ. ನೀರು ವಿಪರೀತ ಗಡಸಾಗಿದ್ದರೆ ಅರ್ಧಕ್ಕರ್ಧ ಬೆರೆಸಿ, ಸಾಕು. ನಲ್ಲಿ ಅಥವಾ ಟ್ಯಾಂಕರ್ ನೀರಾದರೆ ಕ್ಲೋರಿನ್ ಇರಬಹುದು, ಆಂಟಿ-ಕ್ಲೋರಿನ್ ಹಾಕಬೇಕು.

ಗಡಸು ನೀರಿನ ಜೊತೆ ಒಂದು ಅಪಾಯವೂ ಇದೆ. ಪಿಎಚ್ ಏರಿದಷ್ಟೂ ಮೀನಿನ ಗಲೀಜಿನಿಂದ ಬರುವ ಅಮೋನಿಯಾದ ವಿಷ ಜಾಸ್ತಿ. ಹಾಗಾಗಿ ತೊಟ್ಟಿ ತಂದ ದಿನವೇ ಮೀನು ಬಿಡುವುದು ಇಲ್ಲಿ ಇನ್ನೂ ದುಬಾರಿ. ಫಿಲ್ಟರ್ ಓಡಿಸಿ, ದಿನಾ ಒಂದು ಚಿಟಿಕೆ ಮೀನಿನ ಫುಡ್ ಹಾಕುತ್ತಾ 4ರಿಂದ 6 ವಾರ ಬಿಡಿ. ಫುಡ್ ಕೊಳೆತು ಅಮೋನಿಯಾ, ಫಿಲ್ಟರ್‌ನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ ಅದು ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತೆ. ಟೆಸ್ಟ್ ಕಿಟ್‌ನಲ್ಲಿ ಮೊದಲೆರಡೂ ಸೊನ್ನೆ ತೋರಿಸಿದ ಮೇಲೆ ಆರು ಗಪ್ಪಿ ಬಿಡಿ, ಎರಡು ವಾರ ಬಿಟ್ಟು ಇನ್ನಷ್ಟು. ಗಂಡು-ಹೆಣ್ಣು ಎರಡೂ ತಂದರೆ ಮರಿಗಳ ಲೆಕ್ಕ ತಪ್ಪುತ್ತೆ, ಮೊದಲಿಗೆ ಗಂಡು ಮಾತ್ರ ತನ್ನಿ.

ನೀಲಿ ಬಾಟಲಿ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ. 'ನಾಲ್ಕು ಹನಿ ಹಾಕಿ, ಮೀನು ಆರೋಗ್ಯವಾಗಿರುತ್ತೆ' ಅನ್ನುವ ಸಲಹೆ ಕೇಳಬೇಡಿ. ಫಿಲ್ಟರ್‌ನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನೇ ಅದು ಕೊಲ್ಲಬಹುದು, ಅಂಟಿನ ಮೇಲಿನ ನೀಲಿ ಕಲೆಯಂತೂ ಹೋಗಲ್ಲ. ಕಾಯಿಲೆ ಮೀನನ್ನು ಬೇರೆ ಬಕೆಟ್‌ನಲ್ಲಿಟ್ಟಾಗ ಮಾತ್ರ ಅದಕ್ಕೆ ಕೆಲಸ.

ಡಿಸೆಂಬರ್-ಜನವರಿಯ ರಾತ್ರಿ ಚಳಿಗೆ 50 ವ್ಯಾಟ್ ಹೀಟರ್ ಬೇಕು, 25 ಡಿಗ್ರಿಗೆ ಇಡಿ. ನೀರು ಬದಲಿಸುವಾಗ ಅದನ್ನು ಆಫ್ ಮಾಡದೆ, ಅದು ನೀರಿನಿಂದ ಹೊರಗೆ ಬಂದರೆ ಹೀಟರ್‌ನ ಗಾಜು ಸಿಡಿಯಬಹುದು. ಲೈಟ್ 6-8 ಗಂಟೆ ಸಾಕು, ಜಾಸ್ತಿಯಾದರೆ ಪಾಚಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿ. ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿಯದೆ, ಆ ತೆಗೆದ ನೀರಿನಲ್ಲೇ ಹಿಂಡಿ. ಆವಿಯಾಗಿ ಇಳಿದಷ್ಟು ನೀರನ್ನು ಮಾತ್ರ ಆರ್‌ಒದಿಂದ ತುಂಬಿ. ಬೋರ್ ನೀರನ್ನೇ ಸೇರಿಸುತ್ತಾ ಹೋದರೆ ಲವಣ ಉಳಿದುಕೊಂಡು ಗಡಸುತನ ಏರುತ್ತೆ. ಗಾಜಿನ ಮೇಲಂಚಿನ ಬಿಳಿ ಗೆರೆಗೆ ವಿನಿಗರ್ ಅದ್ದಿದ ಬಟ್ಟೆ ಸಾಕು, ಹನಿ ಒಳಗೆ ಬೀಳದಂತೆ ಒರೆಸಿ.

ಖರೀದಿಗೆ ಹೋದಾಗ ಬಣ್ಣದ ಕಲ್ಲು ಮತ್ತು ನೀಲಿ ಬಾಟಲಿ ಬಿಡಿಸಿ, ಆ ದುಡ್ಡಿಗೆ ಸ್ಪಾಂಜ್ ಫಿಲ್ಟರ್, ಚೆಕ್ ವಾಲ್ವ್ ಕೊಡಿ ಅಂತ ಚೌಕಾಸಿ ಮಾಡಿ. ಹೆಚ್ಚಿನವರು ಒಪ್ಪುತ್ತಾರೆ.