ದಿವಾರ್ ದ್ವೀಪದ ಹೋಂಸ್ಟೇದಾಗ ಅವ್ವನ ಜೋಡಿ ಎರಡು ರಾತ್ರಿ

ನಾವು ಗೋವಾದ ವಾಸ್ಕೋದಾಗ ಇರೋರು, ಊರಿಂದ ಯಾರ ಬಂದ್ರೂ ಬೀಚಿಗೇ ಕರ್ಕೊಂಡು ಹೋಗೋದು ರೂಢಿ. ಈ ಸಲ ಅವ್ವ ಬಂದಿದ್ಲು, ಮೊಣಕಾಲು ಆಪರೇಷನ್ ಆಗಿ ಐದು ತಿಂಗಳಾಗಿತ್ತು, ಉಸುಕಿನ್ಯಾಗ ನಡ್ಯಾಕ ಆಗಂಗಿಲ್ಲ, ಗದ್ದಲ ಅಂದ್ರ ತಲಿನೋವು, ಹಂಗಾಗಿ ಆಫೀಸಿನ ಗೆಳೆಯ ಹೇಳಿದ ಅಂತ ಮಾಂಡವಿ ನದಿ ನಡುವಿನ ದಿವಾರ್ ದ್ವೀಪದಾಗ ಒಂದು ಹಳೇ ಮನಿ ಬುಕ್ ಮಾಡಿದೆ. ನಾಷ್ಟಾ ಸೇರಿ ಒಂದು ರಾತ್ರಿಗೆ 3,200 ರೂಪಾಯಿ.

ದ್ವೀಪಕ್ಕ ಸೇತುವೆ ಇಲ್ಲ, ಫೆರಿನೇ ಗತಿ. ಓಲ್ಡ್ ಗೋವಾದಾಗ ವೈಸ್‌ರಾಯ್ ಕಮಾನು ದಾಟಿ ಕೆಳಗ ಇಳದ್ರ ಜೆಟ್ಟಿ, ನಡಕೊಂಡು ಹೋಗೋರಿಗೆ ಟಿಕೆಟ್ ಇಲ್ಲ, ಹತ್ತಿದ ಮ್ಯಾಲೆ ಐದು-ಹತ್ತು ನಿಮಿಷದಾಗ ಆಚೆ ದಂಡಿ. ಅಲ್ಲಿಂದ ಪಿಯೆದಾದ್ ಊರಿನ ತನಕ ರಸ್ತೆ ಎರಡೂ ಕಡೆ ಬರೇ ಭತ್ತದ ಗದ್ದಿ. ಸೆಪ್ಟೆಂಬರ್ ಇತ್ತು, ಹಸರು ಅಂದ್ರ ಕಣ್ಣು ತಂಪಾಗೋವಷ್ಟು ಹಸರು, ನಡುನಡುವ ಬೆಳ್ಳಕ್ಕಿ. ಅವ್ವ ಗಾಡಿ ನಿಲ್ಸಂದ್ಲು, ಇಳೀಲಿಲ್ಲ, ಗ್ಲಾಸ್ ಇಳಿಸಿ ಸುಮ್ಮನ ನೋಡ್ಕೋತ ಕುಂತ್ಲು.

ಮನಿ ಜಂಬಿಟ್ಟಿಗಿ ಕಲ್ಲಿಂದು, ಕೆಂಪು ಗಾರೆ ನೆಲ, ಕಿಡಕಿಗೆ ಗಾಜಿನ ಬದಲು ಚಿಪ್ಪಿನ ತೆಳ್ಳನೆ ಹಾಳಿ ಕೂಡ್ಸ್ಯಾರ, ಮುಂಜಾನೆ ಬಿಸಿಲು ಅದರಾಗ ಸೋಸಿ ಹಾಲಿನಂಗ ಒಳಗ ಬರ್ತದ. ಮುಂದ ಬಲ್ಕಾವ್, ಅಂದ್ರ ನಮ್ಮ ಕಡೆ ಕಟ್ಟಿ ಇದ್ದಂಗ, ಎದುರಾಬದುರು ಕಲ್ಲಿನ ಆಸನ. ಎರಡು ದಿನ ನಾವು ಬಾಳ ಹೊತ್ತು ಕಳದದ್ದು ಅಲ್ಲೇ.

ಮುಂಜಾನೆ ಪೊಂಯ್ ಪೊಂಯ್ ಅಂತ ಹಾರ್ನ್ ಒತ್ಕೋತ ಸೈಕಲ್ ಮ್ಯಾಲೆ ಪೊದೇರ್, ಅಂದ್ರ ಬ್ರೆಡ್ ಮಾರೋವಾ, ಬರ್ತಾನ, ಅವನ ಬುಟ್ಟ್ಯಾಗ ಬಿಸಿ ಪೊಯ್ ಅನ್ನೋ ಗೋವಾ ಬ್ರೆಡ್, ಮ್ಯಾಲೆ ಗೋಧಿ ತೌಡು ಉದುರ್ಸಿರ್ತಾರ, ಮುರದ್ರ ಒಳಗ ಟೊಳ್ಳು. ಅದಕ್ಕ ಮನಿ ಒಡತಿ ಆಂಟಿ ಅಲಸಂದಿ ತೊಣಾಕ್ ಅನ್ನೋ ಗಟ್ಟಿ ಸಾರು ಮಾಡಿದ್ರು, ತೆಂಗಿನಕಾಯಿ ಹುರದು ರುಬ್ಬಿದ ಮಸಾಲಿ. ನಾವು ಮೀನು ತಿನ್ನಂಗಿಲ್ಲ ಅಂತ ಫೋನಿನ್ಯಾಗ ಒಂದೇ ಸಲ ಹೇಳಿದ್ದೆ, ಬೇರೆ ಪಾತ್ರಿಯೊಳಗೇ ಅಡಗಿ ಆತು, ಮತ್ತೊಮ್ಮೆ ನೆನಪು ಮಾಡೋದು ಬೇಕಾಗಲಿಲ್ಲ. ಅವ್ವ ಎರಡು ಪೊಯ್ ತಿಂದ್ಲು, ಆಪರೇಷನ್ ಆದ ಮ್ಯಾಲೆ ಇಷ್ಟು ಮನಸ್ಸಿಟ್ಟು ತಿಂದದ್ದು ನಾ ನೋಡೇ ಇರಲಿಲ್ಲ.

ಅಡಗಿಮನ್ಯಾಗ ಕೆಲಸ ಮಾಡೋ ಅಕ್ಕ ಕನ್ನಡ ಮಾತಾಡಿದ್ದು ಕೇಳಿ ಅವ್ವ ಎದ್ದು ಒಳಗ ಹೋದ್ಲು.
"ಯಾವೂರವ್ವ ನಿಂದು?"
"ಸವದತ್ತಿ ಹತ್ರ ರೀ ಅಮ್ಮಾ."
ಆಮ್ಯಾಲೆ ಒಂದು ತಾಸು ಇಬ್ಬರ ಮಾತು ಮುಗೀಲಿಲ್ಲ, ಎಲ್ಲಮ್ಮನ ಜಾತ್ರಿ, ಜೋಳದ ರೇಟು, ಮಕ್ಕಳ ಸಾಲಿ. ರಾತ್ರಿ ಊಟಕ್ಕ ಬಿಸಿ ರೊಟ್ಟಿ ಬಂತು, ಆ ಅಕ್ಕ ತನ್ನ ಮನಿಯಿಂದ ಜ್ವಾಳದ ಹಿಟ್ಟು ತಂದು ಬಡದಿದ್ಲು. ಬಿಲ್ಲಿನ್ಯಾಗ ಅದನ್ನ ಹಾಕಿರಲಿಲ್ಲ.

ಎರಡನೇ ದಿನ ಸಂಜಿ ಆಂಟಿ ಗದ್ದಿ ತೋರ್ಸಾಕ ಕರ್ಕೊಂಡು ಹೋದ್ರು. ಇದಕ್ಕ ಖಾಜನ್ ಅಂತಾರ, ಉಪ್ಪುನೀರಿನ ಜಾಗಕ್ಕ ಒಡ್ಡು ಹಾಕಿ ಮಾಡಿದ ಗದ್ದಿ. ಒಡ್ಡಿನ್ಯಾಗ ಮಾನಸ್ ಅಂತ ಕಟ್ಟಿಗಿ ಬಾಗ್ಲ, ಭರತದ ನೀರು ಒತ್ತಿದಾಗ ತಾನೇ ಮುಚ್ಕೋತದ, ಇಳತ ಆದಾಗ ಒಳಗಿನ ನೀರು ತಳ್ಳಿ ತಾನೇ ತಕ್ಕೋತದ. ಮೋಟಾರಿಲ್ಲ ಏನಿಲ್ಲ. ಉಪ್ಪು ತಡಕೊಳ್ಳೋ ಕೊರ್ಗುಟ್ ಭತ್ತ ಇಲ್ಲಿ ಬೆಳೀತಿದ್ರಂತ.

ನನಗ ಬಾಳ ಹಿಡಿಸಿದ್ದು ಇನ್ನೊಂದು. ಗೋವಾ ಕದಂಬರ ಕುಲದೇವರು ಸಪ್ತಕೋಟೇಶ್ವರ, ಆ ಗುಡಿ ಮೊದಲು ಇದ್ದದ್ದು ಇದೇ ದ್ವೀಪದಾಗ. ಪೋರ್ಚುಗೀಸರು ಕೆಡವಿದ ಮ್ಯಾಲೆ ಲಿಂಗ ನದಿ ದಾಟಿ ಆಚೆ ನಾರ್ವೆ ಅನ್ನೋ ಊರಿಗೆ ಹೋತು, ಅಲ್ಲಿ 1668ರಾಗ ಶಿವಾಜಿ ಮಹಾರಾಜರು ಗುಡಿ ಮತ್ತೆ ಕಟ್ಟಿಸಿದ್ರು. ಅವ್ವನ ತೌರು ಕಿತ್ತೂರ ಕಡೆ, ಅಲ್ಲಿ ದೇಗಾವಿಯೊಳಗ ಕಮಲನಾರಾಯಣ ಗುಡಿ ಕಟ್ಟಿಸಿದ ಕಮಲಾದೇವಿ ಇದೇ ಕದಂಬರ ರಾಣಿ. ಅದನ್ನ ಹೇಳಿದ ಕೂಡ್ಲೆ ಅವ್ವ "ಹಂಗಾರ ಇದು ನಮ್ಮ ತೌರಮನಿ ಸೀಮಿನ ಆತು" ಅಂದ್ಲು. ಮರುದಿನ ಇನ್ನೊಂದು ಫೆರಿ ಹತ್ತಿ ನಾರ್ವೆಗೆ ಹೋಗಿ ಕಾಯಿ ಒಡಿಸಿಕೊಂಡು ಬಂದ್ವಿ.

ಕೊರತಿ ಹೇಳ್ಬೇಕಂದ್ರ ಬಾತ್‌ರೂಮಿನ ಮೆಟ್ಲು ಎತ್ತರ, ಹಿಡ್ಕೊಳ್ಳಾಕ ಏನೂ ಇಲ್ಲ, ಮೊದಲನೇ ರಾತ್ರಿ ಅವ್ವನ್ನ ನಾನೇ ಹಿಡದು ಇಳಿಸಿದೆ. ಹೇಳಿದ ಮ್ಯಾಲೆ ಒಂದು ಗಟ್ಟಿ ಸ್ಟೂಲ್ ಇಟ್ರು, ಆದ್ರ ವಯಸ್ಸಾದವ್ರು ಬರೋ ಮನಿಗೆ ಗ್ವಾಡಿಗೆ ಹಿಡಿಕಿ ಹಾಕ್ಸಲೇಬೇಕು. ಸಂಜಿ ಆತಂದ್ರ ಸೊಳ್ಳಿ, ಒಡೋಮಾಸ್ ತಗೊಂಡ್ಹೋಗ್ರಿ. ಕರೆಂಟ್ ಒಮ್ಮೆ ಹೋದಾಗ ಇನ್ವರ್ಟರ್ ಮ್ಯಾಲೆ ಫ್ಯಾನ್ ನಡೀತು, ಎಸಿ ನಡೀಲಿಲ್ಲ.

ಬುಕ್ ಮಾಡೋವಾಗ ಕೆಳಗಿನ ರೂಮೇ ಬೇಕು ಅಂತ ಕೇಳ್ರಿ, ಅದರ ಬಾಗ್ಲ ಸೀದಾ ಬಲ್ಕಾವ್‌ಗೆ ತೆಗೀತದ. ಆಗಸ್ಟ್ ನಾಲ್ಕನೇ ಶನಿವಾರ ಬೊಂದೆರಾಂ ಹಬ್ಬ, ಆವತ್ತು ಫೆರಿಗೆ ಬಾಳ ಮಂದಿ, ಆರಾಮ ಬೇಕಂದ್ರ ಆ ವಾರ ಬಿಡ್ರಿ. ನಾವು ಜನವರಿಗೆ ಮತ್ತೆ ಮೂರು ರಾತ್ರಿ ಬುಕ್ ಮಾಡೀವಿ, ಸವದತ್ತಿ ಅಕ್ಕಗ ಕೊಡಾಕ ಅವ್ವ ಊರಿಂದ ಜ್ವಾಳದ ಹಿಟ್ಟು ಬೀಸಿಸಿ ತರ್ತಾಳಂತ.